ಒಗೆಯಬಾರದ ಕೋಟು

ತಂತಿಯ ಮೇಲೆ ನೇತುಹಾಕಿದ್ದ ಕೋಟಿನ ತೋಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಲತೋಳಿನಿಂದ ಒಂದು ಹನಿ. ಸ್ವಲ್ಪ ತಡೆದು, ಏನೋ ನೆನಪಾದ ಹಾಗೆ, ಎಡತೋಳಿನಿಂದ ಒಂದು. ಅದರ ಮುಂದೆ ಮಾವ ನಿಂತಿದ್ದರು. ಕೋಟಿನ ಅಂಚನ್ನು ಎತ್ತಿ ಮೂಗಿಗೆ ಹಿಡಿದು ಮೂಸಿದರು. ಮತ್ತೆ ಮೂಸಿದರು. ಆಮೇಲೆ ಕೈಬಿಟ್ಟರು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಗೆ, ಅಂದರೆ ಅವರ ಅಕ್ಕನ ಮಗಳಿಗೆ, ಆವರೆಗೂ ಒಳಗೊಳಗೇ ಖುಷಿಯಾಗಿತ್ತು. ಭಾನುವಾರ, ಎಲ್ಲರಿಗಿಂತ ಮುಂಚೆ ಎದ್ದು, ನೀರು ಕಾಯಿಸಿ, ಆ ಕೋಟನ್ನು ಮೂರು ಸಲ ಸೋಪಿನ ನೀರಲ್ಲಿ ಅದ್ದಿ ತಿಕ್ಕಿದ್ದಳು. ಮೊದಲನೇ ನೀರು ಗದ್ದೆಯ ಕೆಸರಿನಂತೆ ಬಂತು, ಎರಡನೆಯದು ಚಹಾದಂತೆ. ಮೂರನೆಯದರಲ್ಲಿ ತನ್ನ ಬೆರಳುಗಳು ಕಂಡಾಗ ಯಾವುದೋ ಪರೀಕ್ಷೆ ಪಾಸಾದಂತೆ ಅನ್ನಿಸಿತ್ತು. ಮಾವ ಈಗ ತಿರುಗಿ, "ಅಬ್ಬಾ, ಇದಕ್ಕೆ ಇಂಥ ಬಣ್ಣ ಇತ್ತಾ?" ಅನ್ನುತ್ತಾರೆ ಎಂದು ಕಾದಳು.

ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದ ಅತ್ತೆ ಕೋಟನ್ನು ನೋಡಿ ಅಲ್ಲೇ ನಿಂತುಬಿಟ್ಟರು.

"ಯಾರು ಒಗೆದಿದ್ದು ಇದನ್ನ?"

"ನಾನು, ಅತ್ತೆ."

"ಅಯ್ಯೋ ನನ್ನ ಕರ್ಮವೇ!"

"ನೀವೇ ಹೇಳಿದ್ರಲ್ಲ ಅತ್ತೆ... ಈ ಕೋಟು ಒಂದು ದಿನ ತಾನೇ ಎದ್ದು ಹೋಗಿ ಸ್ನಾನ ಮಾಡ್ಕೊಂಡು ಬರುತ್ತೆ ಅಂತ."

"ಇಪ್ಪತ್ತೆಂಟು ವರ್ಷದಿಂದ ಹೇಳ್ತಾ ಇದೀನಿ ಕಣೆ! ಹೇಳೋದು ಬೇರೆ, ಒಗೆಯೋದು ಬೇರೆ!"

ಮಾವ ಇಬ್ಬರನ್ನೂ ನೋಡದೆ ದೊಡ್ಡಿಯ ಕಡೆ ನಡೆದರು. ಅವರ ಬೆನ್ನು, ಕೋಟಿಲ್ಲದ ಬೆನ್ನು, ಬೇರೆ ಯಾರೋ ಸಣ್ಣ ಮನುಷ್ಯನದ್ದೆಂಬಂತೆ ಕಂಡಿತು. ಆಗ ಅವಳಿಗೆ ತಾನು ಮಾಡಿದ್ದು ಏನೆಂದು ಹೊಳೆಯಿತು.

ಮನೆಯ ಹಿಂದಿನಿಂದಲೇ ಹುಲ್ಲುಗಾವಲು ಶುರುವಾಗುತ್ತಿತ್ತು. ಎಲ್ಲಿ ಮುಗಿಯುತ್ತಿತ್ತೋ ಅವಳು ನೋಡಿರಲಿಲ್ಲ. ಬೆಳಗಿನ ಹೊತ್ತು ಮಂಜು ಮೊಣಕಾಲಿನವರೆಗೆ ನಿಂತಿರುತ್ತಿತ್ತು. ಅದರ ಮೇಲೆ ಕಾಡುಕುದುರೆಗಳ ಬೆನ್ನುಗಳು ಮಾತ್ರ ತೇಲಿ ಹೋಗುತ್ತಿದ್ದವು, ಕಾಲಿಲ್ಲದವುಗಳಂತೆ. ಅವನ್ನು ಯಾರೂ ಹಿಡಿಯಬಾರದು, ಮಾರಬಾರದು ಎಂದು ಕಾಯುವುದು ಮಾವನ ಕೆಲಸ. ಗಾಯವಾದದ್ದನ್ನು ಮಾತ್ರ ದೊಡ್ಡಿಗೆ ತಂದು, ಮನುಷ್ಯರ ಕೈ ತಾಗಿದರೆ ಸಹಿಸುವಷ್ಟು ಪಳಗಿಸಿ, ವಾಸಿಯಾದ ಮೇಲೆ ಮತ್ತೆ ಬಿಟ್ಟುಬಿಡಬೇಕು. ಅದಕ್ಕೇ ಅವಕ್ಕೆ ಹೆಸರಿಡುತ್ತಿರಲಿಲ್ಲ. ದಾಖಲೆಯ ಪುಸ್ತಕದಲ್ಲಿ ಬರೀ ಸಂಖ್ಯೆ.

ಈಗ ದೊಡ್ಡಿಯಲ್ಲಿದ್ದದ್ದು ಹದಿನೇಳು ಸಂಖ್ಯೆಯದು. ಬೂದುಬಣ್ಣದ ಹೆಣ್ಣುಕುದುರೆ, ತುಂಬು ಗಬ್ಬ. ಮುಂಗಾಲಿನ ಗೊರಸಿನ ಮೇಲೆ ಯಾರದೋ ಬೇಲಿಯ ಮುಳ್ಳುತಂತಿ ಸುತ್ತಿಕೊಂಡು ಮಾಂಸದೊಳಕ್ಕೆ ಇಳಿದಿತ್ತು. ಪಶುವೈದ್ಯೆ ಬೇಲಿಯಾಚೆಯಿಂದಲೇ ನೋಡಿ, ಮೇವಿನಲ್ಲಿ ಬೆರೆಸಲು ಔಷಧಿ ಕೊಟ್ಟು, ಖಡಾಖಂಡಿತವಾಗಿ ಹೇಳಿದ್ದರು: "ಮತ್ತಿನ ಸೂಜಿ ಹೊಡೆದರೆ ಹೊಟ್ಟೇಲಿರೋದು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ತಂತಿ ಹಾಗೇ ಬಿಟ್ಟರೆ ಇದರ ಕಾಲು ಉಳಿಯಲ್ಲ. ನೀವೇ ಪಳಗಿಸಿ ನಿಲ್ಲಿಸಿದರೆ ಸರಿ. ಮೂರು ವಾರ ಬಿಟ್ಟು ಗುರುವಾರ ಬರ್ತೀನಿ. ಅವತ್ತೂ ಕೈ ಮುಟ್ಟಿಸಿಕೊಳ್ಳಲಿಲ್ಲ ಅಂದರೆ ಸೂಜೀನೇ."

ಮಾವನ ರೀತಿ ಒಂದೇ. ಬಕೆಟ್ಟು ಬೋರಲು ಹಾಕಿ, ಕುದುರೆಗೆ ಬೆನ್ನು ತೋರಿಸಿ ಕೂರುವುದು. ತಿರುಗಿ ನೋಡಬಾರದು. ದಿನಕ್ಕೊಂದು ಹೆಜ್ಜೆ ಬಕೆಟ್ಟು ಹತ್ತಿರ ಸರಿಯಬೇಕು. ಕುದುರೆ ತಾನಾಗಿ ಬಂದು ಬೆನ್ನು ಮೂಸಬೇಕು. ಆ ಬೆನ್ನಿನ ಮೇಲೆ ಸದಾ ಆ ಕೋಟು. ಹದಿನಾರು ಕುದುರೆಗಳ ಬೆವರು, ಹುಲ್ಲಿನ ಧೂಳು, ಗಾಯದ ಎಣ್ಣೆ, ಮಾವನ ಬೀಡಿ. 'ಇಲ್ಲಿ ನಿನ್ನಂಥವರು ಬಂದಿದ್ದರು, ಹೋದರು' ಎಂದು ಕುದುರೆಯ ಮೂಗಿಗೆ ಹೇಳುತ್ತಿದ್ದದ್ದು ಅದೊಂದೇ. ಹದಿನೆಂಟನೆಯ ದಿನ, ಶುಕ್ರವಾರ, ಬೂದು ಕುದುರೆ ಕೋಟಿನ ಹೆಗಲಿನ ಮೇಲೆ ಗಲ್ಲ ಊರಿತ್ತು. ಶನಿವಾರ ಮಾವನ ಕೈ ಅದರ ಮೊಣಕಾಲಿನವರೆಗೆ ಇಳಿದಿತ್ತು. ಅದನ್ನು ದುಂಡು ಅಕ್ಷರದಲ್ಲಿ ಪುಸ್ತಕಕ್ಕೆ ಬರೆದವಳು ಅವಳೇ. ಮರುದಿನ ಬೆಳಗ್ಗೆ ಒಗೆದವಳೂ ಅವಳೇ.

ಕೋಟು ಒಗೆಯಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಮನೆಯಲ್ಲಿ ಅದು ಹೇಳುವ ಮಾತೇ ಆಗಿರಲಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರು ಹೇಳುತ್ತಾರೆ?

ಅವಳು ಬಂದು ಒಂದು ತಿಂಗಳಾಗಿತ್ತು. ಡಿಗ್ರಿ ಮುಗಿಸಿ ಎರಡು ವರ್ಷ, ಮೂರು ಸಂದರ್ಶನ. ಮೂರರಲ್ಲೂ ಎದುರಿನವರು "ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ" ಅಂದಾಗ ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. "ಸ್ವಲ್ಪ ದಿನ ಮಾವನ ಮನೇಲಿ ಇದ್ದು ಬಾ" ಎಂದು ಅಮ್ಮ ಕಳಿಸಿದ್ದಳು. ಆ 'ಸ್ವಲ್ಪ ದಿನ' ಎಷ್ಟು ದಿನ ಎಂದು ಯಾರೂ ಹೇಳಿರಲಿಲ್ಲ. ಮಾವ ದಾಖಲೆಯ ಪುಸ್ತಕ ಕೈಗಿಟ್ಟು, "ಬೇಲಿ ಹೊರಗೆ ಕೂತು ಬರಿ. ಬರೆದದ್ದನ್ನ ಗಟ್ಟಿಯಾಗಿ ಓದ್ತಾ ಇರು. ಬಾಯಿ ಮುಚ್ಕೊಂಡು ಕೂತಿರೋ ಮನುಷ್ಯ ಕುದುರೆಗೆ ಹೊಂಚು ಹಾಕೋ ಪ್ರಾಣಿ ಥರ ಕಾಣ್ತಾನೆ. ನನಗಂತೂ ಮಾತು ಬರಲ್ಲ," ಅಂದಿದ್ದರು. ಅತ್ತೆ ಒಗ್ಗರಣೆ ಸೇರಿಸಿದ್ದರು: "ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಈ ಮನೇಲಿ ಇದ್ದ ಬಂಗಾರವೇ ಸಾಕಾಗಿತ್ತು. ಈಗ ಅಕ್ಕನ ಮನೆಯಿಂದ ಇನ್ನೊಂದು ಗಟ್ಟಿ ಬಂತು."

ಹಾಗೆ ಅವಳು ಓದಿದಳು. 'ಎಂಟೂ ಕಾಲು. ನೀರು ಕುಡಿಯಿತು. ಎಂಟೂವರೆ. ಎಡಗಿವಿ ನಮ್ಮ ಕಡೆ.' ಪುಸ್ತಕದ ಸಾಲುಗಳು ಬೇಗ ಮುಗಿದುಹೋಗುತ್ತಿದ್ದವು. ಮಾವನಿಗೆ ಬೇಲಿಯ ಕಡೆಗಿದ್ದ ಕಿವಿ ಮಂದ ಎಂದು ಗೊತ್ತಾದ ಮೇಲೆ, ತನ್ನ ಸ್ವಂತದ ನೋಟುಬುಕ್ಕನ್ನು ದಾಖಲೆಯ ಪುಸ್ತಕದೊಳಗೆ ಇಟ್ಟುಕೊಂಡು, ಅದೇ ದನಿಯಲ್ಲಿ, ಯಾರಿಗೂ ಹೇಳದ್ದನ್ನೆಲ್ಲ ಓದತೊಡಗಿದ್ದಳು. ಬೇಲಿಯ ಎರಡು ಅಡ್ಡಮರಗಳ ನಡುವೆ ಬೂದು ಕುದುರೆಯ ಕಿವಿ ಅವಳತ್ತ ತಿರುಗಿ, ಅಲ್ಲೇ ನಿಲ್ಲುತ್ತಿತ್ತು.

ಭಾನುವಾರ ಕೋಟಿಲ್ಲದೆ ಒಳಗೆ ಹೋದ ಮಾವನನ್ನು ಕುದುರೆ ಗುರುತಿಸಲಿಲ್ಲ. ಬೇಲಿಯುದ್ದಕ್ಕೂ ಓಡಿತು. ಗಾಯ ಬಾಯಿ ಬಿಟ್ಟು ಮರಳಿನ ಮೇಲೆ ಕೆಂಪು ಚುಕ್ಕೆಗಳು ಬಿದ್ದವು. ಮಾವ ಹೊರಬಂದು, ಮಧ್ಯಾಹ್ನ ಅರೆ ಒಣಗಿದ ಕೋಟನ್ನೇ ತೊಟ್ಟು ಮತ್ತೆ ಹೋದರು. ಸೋಪಿನ ವಾಸನೆಗೆ ಅದು ಮೂಗಿನ ಹೊಳ್ಳೆ ಅರಳಿಸಿ ಇನ್ನೂ ದೂರ ಓಡಿತು.

ಅವಳು ಆ ಹೊತ್ತು ಊಟ ಮಾಡಲಿಲ್ಲ. ಕೋಣೆಗೆ ಹೋಗಿ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕತೊಡಗಿದಳು. ಬಾಗಿಲಲ್ಲಿ ಮಾವ ಬಂದು ನಿಂತದ್ದು ಗೊತ್ತಾದರೂ ತಿರುಗಲಿಲ್ಲ. ಇಬ್ಬರೂ ಹಾಗೆಯೇ ಇದ್ದರು, ಅವಳು ಬೆನ್ನು ಹಾಕಿ, ಅವರು ಕಾಯುತ್ತ.

"ಪುಟ್ಟಿ, ಕೋಟು ಒಗೆದೆ, ಸರಿ," ಅಂದರು ಮಾವ ಕೊನೆಗೆ. "ದನಿ ಒಗೆದಿಲ್ಲವಲ್ಲ?"

ಅವಳು ತಿರುಗಿ ನೋಡಿದಳು.

"ನಾಳೆ ಬಕೆಟ್ಟಿನ ಮೇಲೆ ನೀನು ಕೂರು. ಆ ಸ್ವೆಟರು ಹಾಕ್ಕೋ, ಒಂದು ತಿಂಗಳಿಂದ ಹಾಕ್ತಾ ಇದೀಯಲ್ಲ, ಅದನ್ನೇ."

"ನನ್ನಿಂದ ಆಗಲ್ಲ ಮಾವಾ."

"ನನ್ನಿಂದಲೂ ಆಗ್ತಾ ಇಲ್ಲ," ಅಂದರು ಮಾವ.

ಸೋಮವಾರ ದೊಡ್ಡಿಯ ನಡುವೆ ಕೂತಾಗ ಅವಳಿಗೆ ತನ್ನ ಬೆನ್ನು ಇಷ್ಟು ಅಗಲ ಎಂದು ಮೊದಲ ಸಲ ತಿಳಿಯಿತು. ಎದುರಿಗೆ ಮಂಜು, ಹಿಂದೆ ಕಾಣದ ಒಂದು ಉಸಿರು. ಓದಿದಳು. ಮಂಗಳವಾರ ಮರಳಿನ ಮೇಲೆ ನಾಲ್ಕು ಗೊರಸುಗಳ ಸದ್ದು ಹತ್ತಿರವಾಗಿ, ನಿಂತು, ಹಿಂದಕ್ಕೆ ಹೋಯಿತು. ನಿಲ್ಲಿಸದೆ ಓದಿದರೆ ಹತ್ತಿರ. ಉಗುಳು ನುಂಗಲು ತಡೆದರೂ ದೂರ. ಬುಧವಾರ ಮಧ್ಯಾಹ್ನ ಕತ್ತಿನ ಹಿಂಭಾಗಕ್ಕೆ ಬಿಸಿಗಾಳಿ ತಾಗಿತು. ಹುಲ್ಲಿನ ವಾಸನೆ. ಒದ್ದೆಯಾದ, ಮೆತ್ತಗಿನ ಏನೋ ಅವಳ ಹೆಗಲನ್ನು ಮುಟ್ಟಿ, ಯೋಚಿಸಿ, ಮತ್ತೆ ಮುಟ್ಟಿತು. ಓದುತ್ತಿದ್ದ ಸಾಲು ಯಾವುದೆಂದು ಅವಳಿಗೆ ಆಮೇಲೆ ಎಷ್ಟು ನೆನೆದರೂ ನೆನಪಾಗಲಿಲ್ಲ. ಮಾವ ಆ ದನಿಯ ನೆರಳಿನಲ್ಲಿ ನಡೆದುಬಂದು ಕುದುರೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. ಅದು ಕಾಲು ಕದಲಿಸಲಿಲ್ಲ.

ಗುರುವಾರ ವೈದ್ಯೆ ಬಂದರು. ಬರುವಾಗಲೇ ಮತ್ತಿನ ಸೂಜಿಯ ಪೆಟ್ಟಿಗೆ ತೆರೆದಿಟ್ಟುಕೊಂಡಿದ್ದರು.

"ಇದೇನು, ಹುಡುಗಿ ಪಾಠ ಓದ್ತಾ ಇದಾಳೆ?"

"ಡಾಕ್ಟರಮ್ಮ, ಆ ಪೆಟ್ಟಿಗೆ ಮುಚ್ಚಿ ಮೆತ್ತಗೆ ಬನ್ನಿ," ಅಂದರು ಅತ್ತೆ ಪಿಸುದನಿಯಲ್ಲಿ. ಅತ್ತೆ ಪಿಸುಗುಟ್ಟಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕುದುರೆಯ ಗಲ್ಲ ಅವಳ ಬಲಹೆಗಲ ಮೇಲಿತ್ತು. ಮಾವನ ಕೈ ಕಾಲಿನ ಮೇಲೆ, ಆ ಕೈಯ ಕೆಳಗೆ ವೈದ್ಯೆಯ ಕೈ. ಇಕ್ಕಳದ ಸಣ್ಣ ಸದ್ದು. ಹೆಗಲ ಮೇಲಿನ ಭಾರ ನಡುಗಿತು. ದಾಖಲೆಯ ಪುಸ್ತಕ ಅಷ್ಟರಲ್ಲಿ ಮುಗಿದಿತ್ತು, ಎರಡೆರಡು ಸಲ. ಅವಳು ನೋಟುಬುಕ್ಕಿನ ಪುಟ ತಿರುವಿದಳು. ಬೇಲಿಯಾಚೆ ಅತ್ತೆ, ತನ್ನ ಮೊಣಕಾಲಿನ ಹತ್ತಿರವೇ ವೈದ್ಯೆ, ಅವರ ಪಕ್ಕದಲ್ಲಿ ಮಾವ, ಇವತ್ತು ಚೆನ್ನಾಗಿ ಕೇಳಿಸುವ ಕಿವಿ ಇತ್ತ ಮಾಡಿಕೊಂಡು. ದನಿ ನಿಂತಿತು. ಹೆಗಲು ಹಗುರಾಯಿತು. ಗೊರಸು ಮರಳಿನಲ್ಲಿ ಸರಿಯಿತು.

"ನಿಲ್ಲಿಸಬೇಡ," ಅಂದರು ವೈದ್ಯೆ, ಹಲ್ಲು ಕಚ್ಚಿ. "ಓದು, ಓದು!"

ಅವಳು ಕಣ್ಣು ಮುಚ್ಚಿ ತೆರೆದಳು. ಓದಿದಳು.

"'ಭಾನುವಾರ. ಮಾವನ ಕೋಟು ಒಗೆದೆ. ಅದು ಕೊಳೆಯಾಗಿತ್ತು ಅಂತ ಒಗೆದದ್ದಲ್ಲ. ಈ ಮನೆಯಲ್ಲಿ ನಾನು ಮಾಡಿದ್ದು ಅಂತ ಒಂದು ಇರಲಿ ಅಂತ. ಒಂದು ತಿಂಗಳಾಯಿತು. ಹೋಗು ಅಂತ ಯಾರೂ ಅಂದಿಲ್ಲ. ಇರು ಅಂತಲೂ ಯಾರೂ ಅಂದಿಲ್ಲ...'"

ಹೆಗಲ ಮೇಲೆ ಭಾರ ಮರಳಿ ಬಂತು. ಮೊದಲಿಗಿಂತ ಹೆಚ್ಚು, ನಿದ್ದೆ ಹೋದವರ ತಲೆಯಷ್ಟು.

"ಆಮೇಲೆ?" ಅಂದರು ವೈದ್ಯೆ ಕೆಳಗಿನಿಂದ.

"'ಅತ್ತೆ ಅನ್ನ ಬಡಿಸುವಾಗ ನನ್ನ ತಟ್ಟೆಗೆ ಎರಡನೇ ಸಲ ಕೇಳದೆಯೇ ಬಡಿಸುತ್ತಾರೆ. ಅತಿಥಿ ಅಂತಲೋ, ಮಗಳು ಅಂತಲೋ ಗೊತ್ತಾಗುವುದಿಲ್ಲ. ಹದಿನೇಳಕ್ಕೆ ವಾಸಿಯಾದರೆ ಹೋಗಲು ಒಂದು ಜಾಗ ಇದೆ. ಮಂಜಿನಲ್ಲಿ ಅದರವರು ಕಾಯುತ್ತಿದ್ದಾರೆ. ನಾನು ಅದಕ್ಕೆ ಗುಟ್ಟಾಗಿ ಒಂದು ಹೆಸರಿಟ್ಟಿದ್ದೇನೆ. ಇಲ್ಲಿ ಬರೆಯುವುದಿಲ್ಲ. ಬರೆದರೆ ಬಿಡಲು ಆಗುವುದಿಲ್ಲ...'"

ಓದುತ್ತ ಹೋದಳು. ಸಂದರ್ಶನದ ಕೋಣೆಯ ಫ್ಯಾನು, ಅಲ್ಲಿ ಹೇಳಲಾಗದ ನಾಲ್ಕು ಮಾತು, ಬಸ್ಸಿನ ಕಿಟಕಿಯಲ್ಲಿ ತನ್ನದೇ ಮುಖ. ಯಾರೂ ನಗಲಿಲ್ಲ. ಬೇಲಿಯ ಮೇಲೆ ಕೈಯಿಟ್ಟು ನಿಂತಿದ್ದ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಮಂಜು ಕರಗುತ್ತಿತ್ತೋ, ಕವಿಯುತ್ತಿತ್ತೋ. ಅವಳಿಗೆ ತಾನು ಓದುತ್ತಿರುವುದು ಯಾರದೋ ಬಹಳ ಹಳೆಯ ಕತೆ ಎನ್ನಿಸಿತು. ಅದನ್ನು ಕೇಳುತ್ತಾ ಎರಡು ಜೀವಗಳು, ಒಂದರೊಳಗೊಂದು, ತೂಕಡಿಸುತ್ತಿದ್ದವು.

"ಬಂತು," ಅಂದರು ವೈದ್ಯೆ. ಅಂಗೈಯಲ್ಲಿ ಬಳೆಯಷ್ಟು ತಂತಿ, ಕೆಂಪಾಗಿ. ಔಷಧಿ ಹಚ್ಚಿ ಪಟ್ಟಿ ಸುತ್ತಿ, ಮಂಡಿಯ ಮರಳು ಕೊಡವುತ್ತ ಎದ್ದರು. ಅವಳತ್ತ ಒಮ್ಮೆ ನೋಡಿ, ಮಾವನಿಗೆ ಹೇಳಿದರು: "ಹತ್ತನೇ ದಿನ ಪಟ್ಟಿ ಬಿಚ್ಚಿ. ಆಮೇಲೆ ಬಿಟ್ಟುಬಿಡಬಹುದು. ಈಯೋದು ಹೊರಗೇ ಈಯಲಿ."

ಹತ್ತನೆಯ ದಿನ, ಶನಿವಾರ ಬೆಳಗ್ಗೆ, ಮಾವ ಪಟ್ಟಿ ಬಿಚ್ಚಿ ದೊಡ್ಡಿಯ ಬಾಗಿಲು ತೆರೆದರು. ಬೂದು ಕುದುರೆ ಹೊಸಿಲಲ್ಲಿ ನಿಂತಿತು. ಅದರ ಒಂದು ಕಿವಿ ಹಿಂದಕ್ಕೆ ತಿರುಗಿತ್ತು. ಅವಳ ಬಾಯಿಗೆ ಬಂದ ಹೆಸರನ್ನು ಅವಳು ನುಂಗಿಕೊಂಡಳು. ದನಿ ಕೇಳದ ಮೇಲೆ ಕಿವಿ ನಿಧಾನವಾಗಿ ಮುಂದಕ್ಕೆ ತಿರುಗಿತು. ಮೊದಲು ಗೊರಸು, ಆಮೇಲೆ ಕಾಲು, ಹೊಟ್ಟೆ, ಕೊನೆಗೆ ಬೆನ್ನೂ ಮಂಜಿನೊಳಗೆ ಹೋಯಿತು.

ಮಾರನೆಯ ದಿನ ಭಾನುವಾರ. ಅತ್ತೆ ಬುಟ್ಟಿ ಹಿಡಿದು ಮನೆಯೆಲ್ಲ ತಿರುಗಿ ಬಟ್ಟೆ ಒಟ್ಟು ಮಾಡಿದರು. ಹಿತ್ತಲಲ್ಲಿ ನೀರು ತುಂಬಿಸುತ್ತಿದ್ದ ಅವಳು ಬುಟ್ಟಿಯಲ್ಲಿ ಹುಡುಕಿದಳು. ತನ್ನ ಸ್ವೆಟರು ಇರಲಿಲ್ಲ.

"ಅತ್ತೆ, ನನ್ನ ಸ್ವೆಟರು?"

"ನನ್ನನ್ನೇನು ಕೇಳ್ತೀಯ? ಸೋಪು ತಗೊಂಡು ಬಾ, ಹೋಗು, ಅಲ್ಲೇ ಒಳಗೆ ಇದೆ," ಎಂದು ಅತ್ತೆ ಕೊಡವಿದ ಚಾದರದ ಹಿಂದೆ ಮರೆಯಾದರು.

ಒಳಗೆ, ಬಾಗಿಲ ಹಿಂದೆ, ಮಾವನ ಕೋಟು ಅದರ ಹಳೆಯ ಮೊಳೆಗೆ ನೇತಾಡುತ್ತಿತ್ತು, ಇನ್ನೂ ಸ್ವಲ್ಪ ಸೋಪಿನ ವಾಸನೆ ಬೀರುತ್ತ. ಅದರ ಪಕ್ಕದಲ್ಲಿ, ಗೋಡೆಯ ಸುಣ್ಣ ಹೊಸದಾಗಿ ಉದುರಿದ್ದ ಕಡೆ, ಇನ್ನೊಂದು ಮೊಳೆ. ಅದರ ಮೇಲೆ ಸ್ವೆಟರು, ಬಲಹೆಗಲಿನಲ್ಲಿ ಒಣಗಿದ ಜೊಲ್ಲಿನ ಕಲೆ ಮತ್ತು ಮೂರೋ ನಾಲ್ಕೋ ಬೂದು ಕೂದಲು ಇದ್ದಂತೆಯೇ.