ತಾಗ್ತಾ?

ಹೊಲಿಗೆಯವಳ ಎಡಗಣ್ಣಿಗೆ ನೋವೆಂಬುದೇ ಇರಲಿಲ್ಲ. ಅದೇ ಅವಳ ರೋಗ. ಹಣೆಯ ಮೇಲೆ ಎದ್ದ ಸರ್ಪಸುತ್ತು ವಾಸಿಯಾಗುವಾಗ ಕಣ್ಣಿನ ನರವನ್ನು ಕೊಂದು ಹೋಗಿತ್ತು. ದೂಳು ಬಿದ್ದರೂ ತಿಳಿಯದ ಆ ಕಣ್ಣಿನಲ್ಲಿ ಹುಣ್ಣಾಗಿ, ಏನು ಮಾಡಿದರೂ ಮಾಯುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೊಸ ಹನಿಮದ್ದಿನ ಪರೀಕ್ಷೆ ನಡೆದಿತ್ತು. ನರ ಮತ್ತೆ ಚಿಗುರಬಹುದಂತೆ. ಸೀಸೆಯಲ್ಲಿರುವುದು ಮದ್ದೋ ಬರೀ ನೀರೋ, ಕೊಡುವ ನರ್ಸಿಗೂ ಗೊತ್ತಿಲ್ಲ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಹನಿ ನಿಲ್ಲಿಸಿ, ಹುಣ್ಣು ಮಾಯಲೆಂದು ರೆಪ್ಪೆಯನ್ನು ಅರ್ಧ ಹೊಲಿದುಬಿಡುತ್ತಾರೆ. ಊರವರ ಬಟ್ಟೆ ಹೊಲಿಯುವವಳ ರೆಪ್ಪೆಯನ್ನೇ ಹೊಲಿಯುವುದೇ!

ಅವಳ ಅಕ್ಕ ದಿನಕ್ಕೆ ಆರು ಸಲ ತಪ್ಪದೆ ಹನಿ ಬಿಟ್ಟಳು. "ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯೋದು ಅಂದ್ರೆ ಇದೇ ಕಣೇ," ಎಂದು ನಗಿಸಿದಳು.

ಎರಡು ವಾರವಾದ ಮೇಲೆ ತಪಾಸಣೆಯ ದಿನ ನರ್ಸ್ ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು ಎಡಗಣ್ಣಿನ ಹತ್ತಿರ ತಂದಳು. "ತಾಗ್ತಾ?"

ಬಲಗಣ್ಣಿಗೆ ನರ್ಸಿನ ಕೈ ಕಾಣುತ್ತಿತ್ತು. ಕೈ ನಿಂತ ಕ್ಷಣವೇ ಇವಳು ರೆಪ್ಪೆ ಬಡಿದು, "ತಾಗ್ತು," ಎಂದಳು. ಬಾಗಿಲಲ್ಲಿದ್ದ ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು. ಆ ಅಳು ನೋಡಿದ ಮೇಲೆ ನಿಜ ಹೇಳಲು ಇವಳಿಗೆ ಬಾಯಾದರೂ ಹೇಗೆ ಬಂದೀತು? ಮುಂದಿನ ಎರಡು ಸಲವೂ ಹಾಗೆಯೇ ಎಲ್ಲರ ಕಣ್ಣಿಗೆ ಮಣ್ಣೆರಚಿದಳು.

ಎರಡನೇ ತಿಂಗಳು ದಾರದ ಬಣ್ಣವೂ ತಿಳಿಯದಷ್ಟು ಎಡಗಣ್ಣು ಮಬ್ಬಾಯಿತು. ಸ್ಪರ್ಶ ಮರಳಿದ ಕಣ್ಣಿನಲ್ಲಿ ಹುಣ್ಣು ಇನ್ನೂ ಆಳಕ್ಕಿಳಿಯುವುದೆಂತು? ಅನುಮಾನ ಬಂದು ಡಾಕ್ಟರು ಅವಳ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದರು.

"ತಾಗ್ತಾ?"

"ತಾಗ್ತು."

"ನಾನಿನ್ನೂ ಮುಟ್ಟೇ ಇಲ್ಲಮ್ಮ."

ಅಂಗೈ ತೆಗೆದು, ಹೇಳದೆ ಕೇಳದೆ ಬಲಗಣ್ಣಿಗೆ ಎಳೆ ಸೋಕಿಸಿದರು. "ಅಯ್ಯಮ್ಮಾ!" ಎಂದು ಅವಳು ಕುರ್ಚಿಯಿಂದಲೇ ಎದ್ದಳು. ನಿಜವಾಗಿ ತಾಗಿದವರು ಅಷ್ಟು ಸಮಾಧಾನವಾಗಿ 'ತಾಗ್ತು' ಎನ್ನುವುದಿಲ್ಲ. ಅದು ಅವಳಿಗೆ ತಿಳಿದದ್ದು ಆಗ.

"ಮೊದಲ ಸಲವೇ ನಿಜ ಹೇಳಿದ್ರೆ ರೆಪ್ಪೆ ಹೊಲಿದು ಕಣ್ಣು ಉಳಿಸ್ಕೋಬಹುದಿತ್ತು," ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಈಗ ಕಣ್ಣಿಗೇ ತೂತು ಬಿದ್ದಿದೆ. ದೃಷ್ಟಿ ಬರಲ್ಲ."

ಪಕ್ಕದಲ್ಲಿದ್ದ ಅಕ್ಕನಿಗೆ ಅರ್ಧವೂ ಅರ್ಥವಾಗಲಿಲ್ಲ. ಗೋಡೆಯ ಗಡಿಯಾರ ನೋಡಿ, ಚೀಲದಿಂದ ಸೀಸೆ ತೆಗೆದು, ಮುಚ್ಚಳ ತಿರುಗಿಸಿದಳು. "ಮಧ್ಯಾಹ್ನದ ಹನಿಗೆ ಹೊತ್ತಾಯ್ತು. ತಲೆ ಎತ್ತೇ."

ತಂಗಿ ಆ ಕೈ ಹಿಡಿದುಕೊಂಡಳು.

"ಬೇಡ ಅಕ್ಕಾ. ಒಂದು ಸಲಾನೂ ತಾಗಿರ್ಲಿಲ್ಲ."