ಜ್ಞಾನುವಿನ ಕೊನೆಯ ಮಾತು

ಮುಕ್ತಾಬಾಯಿ ಅಳಬೇಕಾದ ಜಾಗದಲ್ಲೇ ಅತ್ತಳು.

ಕೊಲ್ಹಾಪುರದ ಆ ಸಭಾಂಗಣದ ಹಿಂಬದಿಯ ಗೋಡೆಗೆ ಒರಗಿ ನಿಂತಿದ್ದ ಅವಧೂತನಿಗೆ ಅದು ಬರುತ್ತದೆಂದು ಗೊತ್ತಿತ್ತು. ಮುಷ್ಕರದ ಮೂರನೆಯ ವಾರ ಎಂದ ಮೇಲೆ ಅವಳು ಸೆರಗಿನ ಅಂಚು ಹಿಡಿಯುತ್ತಾಳೆ. ಮನೆಯಲ್ಲಿ ಔಷಧ ತೀರಿತ್ತು ಎಂದ ಮೇಲೆ ತುಸು ತಡೆಯುತ್ತಾಳೆ. ಆಮೇಲೆ ಗಂಡ ಪ್ರಾಣ ಬಿಡುವಾಗ ಆಡಿದ ಮಾತನ್ನು ಮರಾಠಿಯಲ್ಲಿ ಹೇಳುತ್ತಾಳೆ: "ಮಾಗ ಚಾಲೂ ಕರಾ." ಮಗ್ಗ ಶುರು ಮಾಡಿ. ಅಲ್ಲಿ ದನಿ ಒಡೆಯುತ್ತದೆ.

ಇವತ್ತೂ ಒಡೆಯಿತು. ಮುಂದಿನ ಸಾಲಿನಲ್ಲಿದ್ದ ಗಿರಣಿ ಮಾಲೀಕರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪತ್ರಿಕೆಯವರು ತಲೆ ತಗ್ಗಿಸಿ ಬರೆದುಕೊಂಡರು. ಮಗ್ಗ ಮುಟ್ಟಲು ಬಿಡದ ಯೂನಿಯನ್ನಿನ ಮಲ್ಲಾರಿಯೇ ತನ್ನ ಗಂಡನನ್ನು ಕೊಂದವನು ಎಂದು ಹೇಳಿ ಅವಳು ಕೈಮುಗಿದು ಕೂತಳು.

ಆ ಕೊನೆಯ ಮಾತನ್ನು ಬರೆದವನು ಅವಧೂತ.

ಅದನ್ನು ಬರೆಯಲು ಅವನಿಗೆ ಕಷ್ಟವೇನೂ ಆಗಿರಲಿಲ್ಲ. ಗಡಿಯೂರು ದತ್ತವಾಡದ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಮಾಜಶಾಸ್ತ್ರದ ಎಂ.ಎ.ಯಲ್ಲಿ ಇಂಗ್ಲಿಷ್ ಕಲಿತವನು. ಮೂರರಲ್ಲೂ ಇನ್ನೊಬ್ಬರ ಪರವಾಗಿ ಬರೆಯಬಲ್ಲವನು. ಈಗ ಶ್ರಮಸ್ವಾತಂತ್ರ್ಯ ಮಂಚ ಎಂಬ ಸಂಘಟನೆಯಲ್ಲಿ ಪ್ರಚಾರದ ಕೆಲಸ. ಮಂಚ ಎಲ್ಲೂ ಯೂನಿಯನ್ನುಗಳ ವಿರುದ್ಧ ಮಾತಾಡುತ್ತಿರಲಿಲ್ಲ. ಸ್ವಾತಂತ್ರ್ಯದ ಪರವಾಗಿ ಮಾತಾಡುತ್ತಿತ್ತು. ಯೂನಿಯನ್ ಬೇಡ ಎನ್ನುವುದೂ ಕಾರ್ಮಿಕನ ಹಕ್ಕು ಎಂಬ ಫಲಕ ಮಗ್ಗಗಳ ಊರು ಇಚಲಕರಂಜಿಯ ಪ್ರತಿ ಗಲ್ಲಿಯಲ್ಲೂ ಇತ್ತು. ಆ ಫಲಕಗಳನ್ನು ಯಾರ ಶೆಡ್ಡಿನ ಗೋಡೆಗೆ ಹಾಕಿದ್ದಾರೆಂದು ನೋಡಿದರೆ ಉಳಿದದ್ದೆಲ್ಲ ತಿಳಿಯುತ್ತಿತ್ತು. ಅವಧೂತ ಗೋಡೆಗಳನ್ನು ನೋಡುವುದನ್ನು ಬಿಟ್ಟಿದ್ದ.

ಮುಕ್ತಾಬಾಯಿಯ ಗಂಡ ಜ್ಞಾನು ಸತ್ತದ್ದು ಹೋದ ವರ್ಷದ ಮುಷ್ಕರದಲ್ಲಿ. ಪವರ್‌ಲೂಮಿನ ಹತ್ತಿಯ ಧೂಳು ಕುಡಿದು ಅವನ ಎದೆ ಎಷ್ಟೋ ಕಾಲದಿಂದ ಗೊರಗುಟ್ಟುತ್ತಿತ್ತು. ಕೂಲಿ ಹೆಚ್ಚಿಸಿರೆಂದು ಮಗ್ಗಗಳು ನಿಂತಾಗಲೇ ಅವನೂ ನಿಂತುಹೋದ. ಮಂಚದ ಮುಖ್ಯಸ್ಥ ವಿಕಾಸ ಆಗಷ್ಟೇ ಪುಣೆಯಿಂದ ಬಂದಿದ್ದ. ಅಂಕಿಅಂಶ ಯಾರೂ ಕೇಳುವುದಿಲ್ಲ, ನಮಗೆ ಒಂದು ಮುಖ ಬೇಕು ಎಂದಿದ್ದ. ಅವಧೂತ ಆ ಮುಖವನ್ನು ಹುಡುಕಿಕೊಂಡು, ಕನ್ನಡದಲ್ಲಿ ಸಮಾಧಾನ ಹೇಳುತ್ತ, ಮುಕ್ತಾಬಾಯಿಯ ಮನೆಯ ಹೊಸ್ತಿಲು ತುಳಿದಿದ್ದ.

ಕಾರ್ಯಕ್ರಮ ಮುಗಿದ ಮೇಲೆ ವಿಕಾಸ ಅವನ ಹೆಗಲು ತಟ್ಟಿದ. ಸಂಜೆ ಗಡಹಿಂಗ್ಲಜದ ಸಭೆ ಇದಕ್ಕಿಂತ ಮುಖ್ಯ ಎಂದ. ಅಲ್ಲಿನ ನೂಲಿನ ಗಿರಣಿಯ ಹೆಂಗಸರು ಯೂನಿಯನ್ ಕಟ್ಟಲು ಹೊರಟಿದ್ದಾರೆ. ಹೆಂಗಸಿನ ಮಾತು ಹೆಂಗಸರಿಗೆ ನಾಟುತ್ತದೆ. ಸೀರೆ ಬದಲಿಸುವುದು ಬೇಡ, ಇದೇ ಮಾಸಿದ್ದು ಇರಲಿ. ಇಷ್ಟು ಹೇಳಿ ಅವನು ಮಾಲೀಕರ ಕಡೆ ನಡೆದ.

ಕಾರಿನಲ್ಲಿ ಮುಕ್ತಾಬಾಯಿ ಹಿಂದೆ ಕೂತಳು. ಅವಧೂತನೇ ಓಡಿಸುತ್ತಿದ್ದ. ಕಾಗಲ ದಾಟಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತ ಅವನು ಸಂಜೆಯ ಭಾಷಣದಲ್ಲಿ ಏನು ಬದಲಿಸಬೇಕೆಂದು ಯೋಚಿಸುತ್ತಿದ್ದ. ಇವಳ ಮಗಳ ವಿಷಯ ಮೊದಲಿಗೆ ತಂದರೆ ಹೇಗೆ? ಹೆಂಗಸರ ಸಭೆ.

"ಸರ, ಒಂದ ಮಾತ ಕೇಳ್ಲೇನ್ರಿ?"

ಕನ್ನಡಿಯಲ್ಲಿ ಅವಳ ಮುಖ ಕಾಣಿಸಿತು. ವೇದಿಕೆಯಲ್ಲಿ ಅತ್ತದ್ದರ ಗುರುತೂ ಇರಲಿಲ್ಲ.

"ಕೇಳ್ರಿ ವೈನಿ."

"ನಮ್ಮ ಮನಿಯವ್ರು ಸಾಯೂ ಮುಂದ ಖರೇನ ಏನ ಅಂದಿದ್ರು?"

ಅವನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗುವುದು ಅವನಿಗೆ ಬೇಕಿರಲಿಲ್ಲ. ಅವಳೇ ಮುಂದುವರಿಸಿ ಹೇಳಿದಳು. ನಿನ್ನೆ ಮಗಳು ಮನಿಷಾ ಸಾಂಗಲಿಯ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಅಪ್ಪ ಸಾಯುವಾಗ ತನ್ನ ಹೆಸರು ತೆಗೆದಿದ್ದನೇ ಎಂದು ಕೇಳಿದಳು. ತಾಯಿ ನೆನಪಿಸಿಕೊಳ್ಳಲು ನೋಡಿದಳು. ಗಂಡನ ಬಾಯಿ ಅಲುಗಾಡುವುದು ಕಾಣುತ್ತದೆ, ಹಣೆಯ ಬೆವರು ಕಾಣುತ್ತದೆ, ಮಾತು ಮಾತ್ರ 'ಮಾಗ ಚಾಲೂ ಕರಾ' ಅಂತಲೇ ಬರುತ್ತದೆ. ಎಷ್ಟು ಸಲ ನೋಡಿದರೂ ಅದೇ. ಇರುಳೆಲ್ಲ ಗೋಡೆಗೆ ಮುಖ ಮಾಡಿ ಕೂತಿದ್ದಳಂತೆ.

"ನನಗ ನೆನಪ ಆಗವಲ್ದು. ನೀವು ಮೊದಲನೇ ದಿನ ಬಂದಾಗ ನಾ ನಿಮಗ ಹೇಳಿದ್ನಿ. ಎಲ್ಲಾ ಹೇಳಿದ್ನಿ. ನೀವ ಹೇಳ್ರಿ."

ಹೌದು, ಹೇಳಿದ್ದಳು. ಆ ಕೋಣೆ ಅವನಿಗೆ ಚೆನ್ನಾಗಿ ನೆನಪಿತ್ತು. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಆಗಲೇ ಮತ್ತೆ ಶುರುವಾಗಿದ್ದವು, ಗೋಡೆ ನಡುಗುತ್ತಿತ್ತು. ಅವಳು ಕಿವಿಯ ಹತ್ತಿರ ಬಂದು ಹೇಳಬೇಕಾಗಿತ್ತು. ಜ್ಞಾನು ಏನೋ ಅಂದಿದ್ದ. ಸಣ್ಣ ಮಾತು, ಎರಡೋ ಮೂರೋ ಶಬ್ದ. ಅದನ್ನು ಕೇಳಿದಾಗ ಅವಧೂತನಿಗೆ ಒಂದೇ ಒಂದು ವಿಚಾರ ಬಂದಿತ್ತು: ಇದು ನಡೆಯುವುದಿಲ್ಲ. ಆ ವಿಚಾರ ಸ್ಪಷ್ಟವಾಗಿ ನೆನಪಿದೆ. ಯಾವುದು ನಡೆಯುವುದಿಲ್ಲ ಎಂದುಕೊಂಡನೋ, ಅದು ನೆನಪಿಲ್ಲ.

ಅವನು ಗೇರು ಬದಲಿಸಿದ. ನಿಪ್ಪಾಣಿ ಬಂತು. ಬೋರ್ಡುಗಳು ಕನ್ನಡಕ್ಕೆ ತಿರುಗಿದವು. ತನ್ನನ್ನೇ ಪರೀಕ್ಷಿಸಿಕೊಳ್ಳುವವನಂತೆ, ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿ ಪ್ರಾಜಕ್ತಾ ಬಾಗಿಲಲ್ಲಿ ನಿಂತು ಏನಂದಳು ಎಂದು ನೆನೆದುಕೊಂಡ. ಅವಳು ಏನೋ ಅಂದಳು. ಅವನು ಹೂಂ ಎಂದ. ಅವನ ಹೂಂ ಕಿವಿಯಲ್ಲಿತ್ತು, ಅವಳ ಮಾತು ಇರಲಿಲ್ಲ. ಅವಳ ಬಾಯಿಗೆ ಒಪ್ಪುವ ನಾಲ್ಕೈದು ವಾಕ್ಯಗಳು ಮಾತ್ರ ಥಟ್ಟನೆ ಹೊಳೆದವು. ಎಲ್ಲವೂ ಸರಿಯಾಗಿದ್ದವು. ಅದನ್ನು ಕಂಡು ಅವನಿಗೆ ಸಣ್ಣಗೆ ಭಯವಾಯಿತು.

"ಅದು ತಿಳಿಯೂ ತನಕಾ ನಾ ಸಂಜೀಕ ಮಾತಾಡಂಗಿಲ್ರಿ" ಎಂದಳು ಮುಕ್ತಾಬಾಯಿ. ಸಿಟ್ಟಿನಿಂದಲ್ಲ. ಕಾಲು ನೋಯುತ್ತದೆ, ನಡೆಯಲಾರೆ ಎನ್ನುವ ಹಾಗೆ.

ಅವನು ಮೊದಲು ಮನಿಷಾಳ ನರ್ಸಿಂಗ್ ಕಾಲೇಜಿನ ನೆನಪು ಮಾಡಿಕೊಟ್ಟ. ಸೀಟು ಕೊಡಿಸಿದ್ದು ಮಂಚ, ಹಾಸ್ಟೆಲು ನೋಡಿಕೊಳ್ಳುತ್ತಿರುವುದೂ ಮಂಚ. ಬೆದರಿಕೆ ಎನಿಸದಂತೆ, ಮಗುವಿನ ಓದು ಹೇಗೆ ನಡೆದಿದೆ ಎಂದು ವಿಚಾರಿಸುವ ಧಾಟಿಯಲ್ಲಿ. ಚೆನ್ನಾಗಿ ನಡೆದಿದೆ ಎಂದಳು ಅವಳು.

ಸಂಕೇಶ್ವರದ ಹತ್ತಿರ ರಸ್ತೆ ತಿರುಗುವಲ್ಲಿ, ತಾನು ಇಷ್ಟು ಹೊತ್ತು ವೃಥಾ ಒದ್ದಾಡಿದೆ ಅನ್ನಿಸಿತು ಅವನಿಗೆ. ಇದರಲ್ಲಿ ಕಷ್ಟವೇನಿದೆ? ಮಗಳಿಗೆ ಬೇಕಾದದ್ದು ಒಂದು ಮಾತು. ತಾಯಿಗೂ ಅದೇ. ಕೊಟ್ಟರೆ ಯಾರಿಗೂ ನಷ್ಟವಿಲ್ಲ. ದನಿ ತಗ್ಗಿಸಿ, ಈಗ ತಾನೇ ನೆನಪಾದವನಂತೆ ಹೇಳಿದ:

"ನೆನಪಾತ್ರಿ ವೈನಿ. ಮನಿಷಾ ಅಂದಿದ್ರು. ಮನಿಷಾನ್ನ ಓದಸ ಅಂದಿದ್ರು."

ಅವನು ಕನ್ನಡಿ ನೋಡಿದ. ಅವಳ ಕಣ್ಣುಗಳು ತುಂಬಿಕೊಂಡಿದ್ದವು. ತುಟಿ ಆ ಮಾತನ್ನು ಒಂದು ಸಲ ಸದ್ದಿಲ್ಲದೆ ಆಡಿ ನೋಡಿತು, ಹೊಸ ಭಾಷಣ ಬಾಯಿಪಾಠ ಮಾಡುವಾಗ ಆಡುವ ಹಾಗೆ. ಆಮೇಲೆ ಅವಳು ತಲೆ ಎತ್ತಿದಳು.

"ಇದನ್ನೂ ಈಗ ನೀವ ಬರದ್ರೇನ್ರಿ?"

ಎದುರಿನಿಂದ ಬಸ್ಸೊಂದು ಬರುತ್ತಿತ್ತು. ಅದನ್ನು ದಾಟಿಸುವುದರಲ್ಲಿ ಅವನು ತುಂಬ ಗಮನವಿದ್ದವನಂತೆ ಕಂಡ.

ಜ್ಞಾನುವಿನ ತಾಯಿ ಯಮುನವ್ವನ ಊರು ಗಡಹಿಂಗ್ಲಜಕ್ಕಿಂತ ತುಸು ಈಚೆ. ಅಲ್ಲಿ ನಿಲ್ಲಿಸಬೇಕೆಂದಳು ಮುಕ್ತಾಬಾಯಿ. ಜೀವ ಹೋಗುವಾಗ ಅವನ ತಲೆ ತಾಯಿಯ ತೊಡೆಯ ಮೇಲಿತ್ತು, ಅತ್ತೆಗೆ ಗೊತ್ತಿರಲೇಬೇಕು. ಸಭೆಗೆ ಇನ್ನೂ ಹೊತ್ತಿತ್ತು. ಅವಧೂತ ಕಾರು ತಿರುಗಿಸಿದ. ಮುದುಕಿ ಏನೋ ಒಂದು ಹೇಳುತ್ತಾಳೆ, ಇವಳು ಮಾತಾಡುತ್ತಾಳೆ, ಕೆಲಸ ಮುಗಿಯುತ್ತದೆ. ಹಾಗೆಂದುಕೊಂಡರೂ, ಆ ಮಾತನ್ನು ಕೇಳಲು ಅವಳಿಗಿಂತ ತಾನೇ ಹೆಚ್ಚು ಅವಸರದಲ್ಲಿದ್ದೇನೆಂಬುದು ಅವನ ಗಮನಕ್ಕೆ ಬಂತು.

ಯಮುನವ್ವ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತ ಕೂತಿದ್ದಳು. ಸಣ್ಣ ಮಗ ಕುರಿ ಹೊಡೆದುಕೊಂಡು ಕೆಳನಾಡಿಗೆ ಹೋಗಿದ್ದನಂತೆ; ಮನೆಯಲ್ಲಿ ಅವಳೊಬ್ಬಳೇ. ಸೊಸೆಯ ಗಲ್ಲ ಸವರಿದಳು, ಅವಧೂತನಿಗೆ ಕಂಬಳಿ ಹಾಸಿದಳು. ದೊಡ್ಡ ಸಭೆಗಳಲ್ಲಿ ತನ್ನ ಸೊಸೆಯನ್ನು ಮಾತಾಡಿಸುವ ಸಾಹೇಬರು ಇವರೇ ಎಂದು ತಿಳಿದಾಗ ಅವಳು ಎರಡೂ ಕೈ ಎತ್ತಿ ಮುಗಿದಳು. ಅವಧೂತ ಬಾಗಿಲ ಚೌಕಟ್ಟನ್ನು ನೋಡಿದ.

ಮುಕ್ತಾಬಾಯಿ ಸುತ್ತಿ ಬಳಸದೆ ಕೇಳಿದಳು. "ಅತ್ತೀ, ಅವ್ರು ಕೊನೀಗೆ ಏನ ಅಂದ್ರು? ನೀ ಇದ್ದಿ."

"ಏನಂದಾನ ನನ್ನ ಕೂಸು" ಎಂದಳು ಯಮುನವ್ವ, ಉಣ್ಣೆ ಬದಿಗಿಟ್ಟು. ಅವಳ ದನಿ ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. "ಮಾಗ ಚಾಲೂ ಕರಾ, ಅಂದ."

ಇಳಿತ, ನಡುವಿನ ತಡೆ, ಎಲ್ಲ ಅವಧೂತ ಮುಕ್ತಾಬಾಯಿಗೆ ಕಲಿಸಿದ್ದೇ.

"ನಿನಗ ಮರಾಠಿ ಬರತೈತೇನು ಅತ್ತೀ?"

"ನನಗೆಲ್ಲಿ ಬರತೈತಿ?"

"ಮತ್ತ ಅವ್ರು ನಿನ್ನ ತೊಡಿ ಮ್ಯಾಲ ಮಲಗಿ ನಿನ್ನ ಕೂಡ ಮರಾಠಿ ಯಾಕ ಮಾತಾಡ್ಯಾರು?"

ಮುದುಕಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು. ಆಮೇಲೆ ಮೆಲ್ಲಗೆ ಹೇಳಿದ್ದಿಷ್ಟು: ನಿನ್ನ ಮಾತಿನ ವಿಡಿಯೋ ಸಣ್ಣ ಮಗ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದ. ದಿನಾ ಕೇಳುತ್ತಿದ್ದೆ. ಜ್ಞಾನುವಿನ ಮಾತು ಅದರಲ್ಲಿದೆಯಲ್ಲ ಅಂತ ಕೇಳುತ್ತಿದ್ದೆ. ಕೇಳಿ ಕೇಳಿ ಅದೇ ಕೂತುಬಿಟ್ಟಿದೆ. ಅವನು ಬೇರೆ ಏನೋ ಅಂದಿದ್ದ, ಹೌದು. ನನ್ನ ಮುಖ ನೋಡಿ ಅಂದಿದ್ದ.

ಅವಳು ಅಳಲಿಲ್ಲ. ಕಳೆದುಹೋದ ಸಾಮಾನು ಹುಡುಕುವವಳ ಹಾಗೆ ತೊಡೆಯ ಮೇಲೆ ಕೈಯಾಡಿಸಿದಳು, ಅಷ್ಟೆ.

"ಮಲ್ಲಾರಿ ಇದ್ದ" ಎಂದಳು ಕೊನೆಗೆ. "ಕಾಲ ತಿಕ್ಕಾಕತ್ತಿದ್ದ. ರಿಕ್ಷಾ ತರಾಕ ಓಡಿದಾವನೂ ಅವನ. ಅವನಿಗೆ ಗೊತ್ತೈತಿ. ಅವನ್ನ ಕೇಳ್ರಿ."

ಆ ಹೆಸರು ಮೂವರ ನಡುವೆ ಬಂದು ಕೂತಿತು. ಮುಕ್ತಾಬಾಯಿ ಈ ಬೆಳಿಗ್ಗೆ ಮೈಕಿನ ಮುಂದೆ ಕೊಲೆಗಾರ ಎಂದು ಕರೆದವನು. ಇಚಲಕರಂಜಿಯಲ್ಲಿ ಅವನ ಶೆಡ್ಡಿನವರು ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದರು. ಬೀದಿಯ ಹುಡುಗರು ಬೆನ್ನ ಹಿಂದೆ ಕಲ್ಲು ತೂರಿದ್ದರು. ವಿಡಿಯೋ ಒಳ್ಳೆಯ ಪರಿಣಾಮ ಮಾಡಿದೆ ಎಂದು ಅವಧೂತನೇ ವರದಿ ಬರೆದಿದ್ದ.

"ಫೋನ್ ನಂಬರ ಐತೇನ್ರಿ ಸರ, ಮಲ್ಲಾರಿ ಅಣ್ಣಂದು?" ಎಂದಳು ಮುಕ್ತಾಬಾಯಿ. ಅಣ್ಣ ಎಂದದ್ದು ಅವಳಿಗೇ ತಿಳಿಯಲಿಲ್ಲ.

ನಂಬರು ಅವನ ಜೇಬಿನಲ್ಲಿತ್ತು. ಯೂನಿಯನ್ನಿನವರ ನಂಬರುಗಳೆಲ್ಲ ಇದ್ದವು. ಒಂದು ಗುಂಡಿ ಒತ್ತಿದರೆ ಜ್ಞಾನುವಿನ ಮಾತು ಈ ಅಂಗಳಕ್ಕೆ ಬರಬಹುದಿತ್ತು. ಅದರ ಜೊತೆ ಇನ್ನೂ ಏನೇನೋ ಬರುತ್ತಿತ್ತು. ಮಲ್ಲಾರಿ ಇವಳ ದನಿ ಕೇಳಿ ಬೈಯಬಹುದು, ಫೋನ್ ಇಟ್ಟುಬಿಡಬಹುದು. ಅಥವಾ ಹೇಳಿಬಿಡಬಹುದು. ಅದನ್ನು ಯೋಚಿಸಲು ಅವನಿಗೆ ಆಗಲಿಲ್ಲ.

"ನನ್ನ ಕಡೆ ಇಲ್ರಿ" ಎಂದ.

ಮುಕ್ತಾಬಾಯಿ ಅವನನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ ಕತ್ತಲಲ್ಲಿ ಗೋಡೆಗೆ ಆತು ಕೂತಳು. ಅವಳ ಕಾಲಬೆರಳುಗಳಷ್ಟೇ ಹೊರಗಿನ ಬೆಳಕಿಗೆ ಕಾಣುತ್ತಿದ್ದವು.

ಮನೆಗೆ ಬಂದವರು ಚಹಾ ಕುಡಿಯದೆ ಹೋಗಬಾರದೆಂದು ಹೇಳಿ ಯಮುನವ್ವ ತಂಬಿಗೆ ಹಿಡಿದು ಹಿತ್ತಲಿಗೆ ನಡೆದಳು. ಅಷ್ಟರಲ್ಲಿ ಅವಧೂತನ ಫೋನ್ ರಿಂಗಣಿಸಿತು. ವಿಕಾಸ. ಅವನು ಮಾತಾಡಲು ಮನೆಯ ಬದಿಯಿಂದ ಹಿತ್ತಲಿನ ಕಡೆಗೇ ಸರಿದ. ಎಲ್ಲಿದ್ದೀರಿ ಎಂದು ವಿಕಾಸ ಕೇಳಿದ. ಬರುತ್ತಿದ್ದೇವೆ ಎಂದ ಇವನು. ಹೆಂಗಸರು ತುಂಬಿದ್ದಾರೆ, ಅವಳು ಸರಿಯಾಗಿದ್ದಾಳಲ್ಲ? ಸರಿಯಾಗಿದ್ದಾಳೆ. ಅಳು ಸ್ವಲ್ಪ ಬೇಗ ಬರಲಿ, ಇಲ್ಲಿ ಕರೆಂಟಿನ ಭರವಸೆ ಇಲ್ಲ. ಆಗಲಿ ಸರ್ ಎಂದ.

ಎದುರಿಗೆ ಗೂಟಕ್ಕೆ ಒಂದು ಎಮ್ಮೆ ಕಟ್ಟಿತ್ತು. ಕರು ಮೊನ್ನೆ ಸತ್ತಿತು, ಹಾಲು ಬಿಡವಲ್ದಾಗಿತ್ತು ಎಂದು ಯಮುನವ್ವ ತಿರುಗದೆಯೇ ಹೇಳಿದಳು. ಊರಿನ ಹಾಲಸಿದ್ದ ಎಂಬವನು ಸತ್ತ ಕರುವಿನ ಚರ್ಮ ಸುಲಿದು, ಒಣಹುಲ್ಲು ತುಂಬಿ, ಹೊಲಿದು ಕೊಟ್ಟಿದ್ದ. ಅವಳು ಆ ಹುಲ್ಲಿನ ಕರುವನ್ನು ಮೂಲೆಯಿಂದ ಎತ್ತಿ ತಂದು ಎಮ್ಮೆಯ ಮೂತಿಯ ಮುಂದೆ ನಿಲ್ಲಿಸಿದಳು. ಕಣ್ಣಿದ್ದಲ್ಲಿ ಎರಡು ತೂತು. ಒಂದು ಕಾಲು ಒಳಕ್ಕೆ ಮಡಚಿಕೊಂಡಿತ್ತು.

ಎಮ್ಮೆ ಮೂಸಿತು. ಗಂಟಲಲ್ಲಿ ಸಣ್ಣಗೆ ಸದ್ದು ಮಾಡಿ ನೆಕ್ಕತೊಡಗಿತು. ಬೆನ್ನು, ಕುತ್ತಿಗೆ, ಕಿವಿ. ಯಮುನವ್ವ ಕೂತು ಕೆಚ್ಚಲು ಹಿಡಿದಳು; ತಂಬಿಗೆಯಲ್ಲಿ ಹಾಲಿನ ಧಾರೆ ಬೀಳತೊಡಗಿತು.

ಫೋನಿನಲ್ಲಿ ವಿಕಾಸ ಇನ್ನೂ ಏನೋ ಹೇಳುತ್ತಿದ್ದ. ನೆಕ್ಕಿ ನೆಕ್ಕಿ ಕರುವಿನ ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡಿತು. ಒಳಗಿನಿಂದ ಹುಲ್ಲು ಹೊರಬಂತು. ಎಮ್ಮೆ ಒಂದು ಗಳಿಗೆ ತಡೆಯಿತು. ಆಮೇಲೆ ಆ ಹುಲ್ಲನ್ನು ನಾಲಿಗೆಯಿಂದ ಎಳೆದುಕೊಂಡು, ಕಣ್ಣು ಅರೆಮುಚ್ಚಿ, ನಿಧಾನವಾಗಿ ಅಗಿಯತೊಡಗಿತು. ಹಾಲು ಬೀಳುತ್ತಲೇ ಇತ್ತು.