ಗಂಗವ್ವ ನೀರು ಕುಡಿಯುವ ಹೊತ್ತು

ಸಾಯಬಣ್ಣನಿಗೆ ಓದುಬರಹ ಗೊತ್ತಿರಲಿಲ್ಲ. ಮರಾಠಿ ಅರ್ಧಂಬರ್ಧ, ಹಿಂದಿಯೂ ಅಷ್ಟಕ್ಕಷ್ಟೇ. ಆದರೂ ಮುನಿಸಿಪಾಲಿಟಿಯ ನೀರಿನ ಖಾತೆಯವರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದು ಅವನ ಕಿವಿಗಾಗಿ. ಎದೆಮಟ್ಟದ ಕಬ್ಬಿಣದ ಸಲಾಕೆಯೊಂದನ್ನು ನೆಲದೊಳಗಿನ ಪೈಪಿಗೆ ತಾಗುವಂತೆ ಊರಿ, ಮೇಲಿನ ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುವುದು ಅವನ ಕೆಲಸ. ಗಟ್ಟಿಯಾಗಿರುವ ಪೈಪು ಸುಮ್ಮನೆ ಗುಂಯ್‌ಗುಡುತ್ತದೆ. ಸೋರುವ ಪೈಪು ಉಕ್ಕಲು ಹೊರಟ ಹಾಲಿನಂತೆ ಸುಸ್ಸೆನ್ನುತ್ತದೆ. ಸುಸ್ಸೆಂದ ಕಡೆ ಅವನು ಸೀಮೆಸುಣ್ಣದಿಂದ ದುಂಡಗೆ ಒಂದು ಗುರುತು ಹಾಕಿದರೆ, ಮರುದಿನ ಅಗೆಯುವ ಗ್ಯಾಂಗು ಬಂದು ಪೈಪಿನ ಕೀಲಿಗೆ ಸೀಸ ಬಡಿದು ಮುಚ್ಚಿ ಹೋಗುತ್ತಿತ್ತು. ಸಾಯಬಣ್ಣನ ಗುರುತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅವನು ಗುರುತು ಹಾಕದೆ ಬಿಟ್ಟ ಒಂದೇ ಒಂದು ಜಾಗವಿತ್ತು, ಅದು ಅವನ ಗುಡಿಸಲಿನ ಹಿಂದೆಯೇ ಇತ್ತು.

ಮುಂಬಯಿಯ ಚೆಂಬೂರಿನ ಗಟಾರದ ದಂಡೆಗೆ ಇಪ್ಪತ್ತಾರು ಗುಡಿಸಲು. ಎಲ್ಲರೂ ಕಲಬುರ್ಗಿ ಕಡೆಯವರು, ಹೆಚ್ಚಿನವರು ಕಟ್ಟಡ ಕೆಲಸದವರು. ಗುಡಿಸಲಿಗೊಂದು ನಂಬರಿಲ್ಲ, ನಲ್ಲಿಯಂತೂ ಇಲ್ಲವೇ ಇಲ್ಲ. ಎದುರಿನ ಕಾಲೊನಿಗೆ ಕೊಡ ಹಿಡಿದು ಹೋದರೆ ವಾಚ್‌ಮನ್ ಕೋಲು ತೋರಿಸುತ್ತಿದ್ದ. ಹೀಗಿರುವಾಗ ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ದಂಡೆಯ ಗುಂಟ ಹೋದ ದೊಡ್ಡ ಪೈಪಿನ ಒಂದು ಕೀಲು ಸಡಿಲಾಗಿ, ಮೊಣಕಾಲುದ್ದದ ಗುಂಡಿಯಲ್ಲಿ ನೀರು ಜಿನುಗತೊಡಗಿತು. ಹೆಂಗಸರು ಅದಕ್ಕೆ ಕೈಯೆತ್ತಿ ಮುಗಿದರು. ಬಾಣಂತಿಯರು ಬಾವಿಗೆ ಹೋಗಿ ಗಂಗಿ ಪೂಜೆ ಮಾಡದೆ ನೀರು ಮುಟ್ಟುವಂತಿಲ್ಲವಲ್ಲ, ಈ ಮುಂಬಯಿಯಲ್ಲಿ ಬಾವಿಯನ್ನು ಎಲ್ಲಿಂದ ತರುವುದು? ಸಾಯಬಣ್ಣನ ಹೆಂಡತಿ ಭಾಗವ್ವ ಐದು ಕಲ್ಲು ಆರಿಸಿ, ಸುಣ್ಣ ಬಳಿದು, ಅರಿಶಿನ ಕುಂಕುಮ ಹಚ್ಚಿ ಗುಂಡಿಯ ಅಂಚಿಗೆ ಕೂರಿಸಿದಳು. ಅಲ್ಲಿಗೆ ಮುನಿಸಿಪಾಲಿಟಿಯ ಸೋರಿಕೆ ಗಂಗವ್ವನಾಯಿತು. ಪಕ್ಕದ ಗುಡಿಸಲಿನ ದೇವಕ್ಕ ತನ್ನ ಮಗ ಪರಪ್ಪ ಹುಟ್ಟಿದಾಗ ಮೊದಲ ಕೊಡ ತುಂಬಿಕೊಂಡಿದ್ದು ಅಲ್ಲಿಯೇ. ಅವಳಿಗೆ ಕೊಡ ಹೊರಿಸಿದವನು ಸಾಯಬಣ್ಣ.

ಪ್ರತಿ ತಿಂಗಳೂ ರಜಿಸ್ಟರಿನಲ್ಲಿ ಆ ಲೈನಿನ ಎದುರು 'ಸೋರಿಕೆ ಇಲ್ಲ' ಎಂದು ಬರೆಸಿ ಅವನು ಹೆಬ್ಬೆಟ್ಟು ಒತ್ತುತ್ತಿದ್ದ. ಗೊತ್ತಾದರೆ ನೌಕರಿ ಹೋಗುತ್ತದೆ, ಸೋರಿಕೆಯಿದೆಯೆಂದು ಬರೆಸಿದರೆ ಇಪ್ಪತ್ತಾರು ಮನೆಯ ಒಲೆ ಆರುತ್ತದೆ. ಎರಡು ಭಯಗಳ ನಡುವೆ ಮನುಷ್ಯ ಹತ್ತಿರದ್ದಕ್ಕೇ ಹೆಚ್ಚು ಹೆದರುತ್ತಾನೆ. ಅವನೂ ಹಾಗೇ ಮಾಡಿದ.

ಎಪ್ಪತ್ತೆರಡರ ಮಳೆ ಕೈಕೊಟ್ಟಿತು. ಕೆರೆಗಳು ತುಂಬದೆ ಮುಂಬಯಿಗೆ ನೀರಿನ ಕಡಿತ ಬಂತು. ದಂಡೆಯ ಲೈನಿಗೆ ಬೆಳಗಿನ ಎರಡು ತಾಸು ಮಾತ್ರ ನೀರು, ಆಮೇಲೆ ಬಂದ್. ನೀರಿನ ಖಾತೆಯವರು ಆ ವರ್ಷ ಕೂತಲ್ಲಿ ಕೂರಲಿಲ್ಲ. ಗೋಡೆಗೋಡೆಗೆ 'ಪಾಣಿ ವಾಚವಾ', ನೀರು ಉಳಿಸಿ, ಎಂಬ ಕಾಗದ ಅಂಟಿಸಿದರು, ಚಾಳು ಚಾಳಿಗೆ ಹೋಗಿ ತೊಟ್ಟಿಕ್ಕುವ ನಲ್ಲಿಗಳಿಗೆ ಬಿಟ್ಟಿಯಾಗಿ ವಾಶರ್ ಹಾಕಿಕೊಟ್ಟರು, ಹೋಟೆಲಿನವರಿಗೆ ಗಿರಾಕಿ ಕೇಳದೆ ಗ್ಲಾಸು ತುಂಬಬೇಡಿರೆಂದು ಹೇಳಿದರು. ಓವರ್ಸಿಯರ್ ದಳವಿ ಸಾಹೇಬರಂತೂ ಎದುರಿಗೆ ಸಿಕ್ಕ ಮಕ್ಕಳನ್ನೂ ನಿಲ್ಲಿಸಿ ನಲ್ಲಿ ಬಿಗಿ ಮಾಡುವುದನ್ನು ಕಲಿಸುತ್ತಿದ್ದರು. ಸಾಯಬಣ್ಣ ಹಿಂದೆ ನಿಂತು ತಲೆಯಾಡಿಸುತ್ತಿದ್ದ. ತಲೆಯಾಡಿಸುವಾಗೆಲ್ಲ ಗುಂಡಿ ಕಣ್ಣೆದುರು ಬರುತ್ತಿತ್ತು.

ಎಪ್ಪತ್ಮೂರರ ಹೋಳಿಯ ಹೊತ್ತಿಗೆ ಪರಪ್ಪನಿಗೆ ವಾಂತಿಭೇದಿ ಶುರುವಾಯಿತು. ಒಂದೂವರೆ ವರ್ಷದ, ಗುಂಡುಗುಂಡಗಿನ ಕೂಸು, ಆಗತಾನೆ ನಡೆಯಲು ಕಲಿತಿತ್ತು. ಎರಡು ದಿನಕ್ಕೆ ಹಿಡಿಯಷ್ಟಾಗಿ ತೀರಿಹೋಯಿತು. ದೇವಕ್ಕ ಅತ್ತಳು, ಅವಳ ಗಂಡ ಹಣಮಂತ ಗೋಡೆಗೆ ತಲೆ ಚಚ್ಚಿಕೊಂಡ, ದಂಡೆಯವರೆಲ್ಲ ಹಣೆಬರಹವೆಂದರು. ಗಂಗವ್ವನಿಗೆ ಏನೋ ತಪ್ಪಾಗಿದೆಯೆಂದು ದೇವಕ್ಕ ಐದು ಕಲ್ಲಿಗೆ ಹೊಸದಾಗಿ ಸುಣ್ಣ ಬಳಿದು ತೆಂಗಿನಕಾಯಿ ಒಡೆದು ಬಂದಳು.

ಮೇ ತಿಂಗಳ ಒಂದು ಶನಿವಾರ ದಳವಿ ಸಾಹೇಬರು ಎಲ್ಲರನ್ನೂ ಕರೆದು, ಹಳೆಯ ಲೈನುಗಳನ್ನೆಲ್ಲ ಇನ್ನೊಮ್ಮೆ ಕೇಳಿಸಿಕೊಳ್ಳಬೇಕು, ಸೋಮವಾರ ಗಟಾರದ ದಂಡೆಗೆ ತಾವೇ ಜೊತೆಗೆ ಬರುವುದಾಗಿ ಹೇಳಿದರು. ಸಾಯಬಣ್ಣ ಊಟದ ಡಬ್ಬಿ ಬಿಚ್ಚದೆಯೇ ಮನೆಯ ಕಡೆ ನಡೆದ. ದಾರಿಯುದ್ದಕ್ಕೂ ಒಂದೇ ಯೋಚನೆ. ಗುಂಡಿಗೆ ಜೇಡಿಮಣ್ಣು ತುಂಬಿ ಮೇಲೆ ಗೋಣಿಚೀಲ ಬಡಿದರೆ ಸೋಮವಾರದ ಮಟ್ಟಿಗೆ ಸದ್ದು ಅಡಗೀತು. ಮಂಗಳವಾರ ತೆಗೆದರಾಯಿತು.

ಮಧ್ಯಾಹ್ನದ ಬಿಸಿಲಿಗೆ ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಷ್ಟು ಮಣ್ಣು ಬೇಕಾದೀತೆಂದು ನೋಡಲು ಅವನು ಗುಂಡಿಯ ಬಳಿ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಯಾಕೋ ಸಲಾಕೆ ಊರಿ ಕಿವಿ ಹಚ್ಚಿದ. ಬರೀ ರೂಢಿ. ನೀರು ಬಂದ್ ಆದ ಹೊತ್ತಿನಲ್ಲಿ ಯಾರೂ ಪೈಪಿಗೆ ಕಿವಿ ಹಚ್ಚುವುದಿಲ್ಲ, ಆಗ ಪೈಪಿಗೆ ಬಾಯಿಲ್ಲ.

ಅಂದು ಬಾಯಿತ್ತು. ಸುಸ್ಸೆನ್ನಲಿಲ್ಲ. ಗಟ್, ಗಟ್, ಗಟ್ ಎಂದಿತು. ಬಾಯಾರಿದವನು ಚೊಂಬು ಎತ್ತಿ ಗುಟುಕರಿಸಿದಂತೆ.

ಅವನು ಕಣ್ಣು ಬಿಟ್ಟು ನೋಡಿದ. ಗುಂಡಿಯ ನೀರು ನಿಧಾನಕ್ಕೆ ಇಳಿಯುತ್ತಿತ್ತು. ಗಟಾರದ ಕಡೆಯ ಅಂಚು ಎಂದೋ ಕುಸಿದು, ಕಪ್ಪು ನೀರಿನ ಸಣ್ಣ ಎಳೆಯೊಂದು ಐದು ಕಲ್ಲುಗಳ ಕೆಳಗೆ ಹಾದು ಗುಂಡಿಗೆ ಸೇರುತ್ತಿತ್ತು. ನೊರೆ, ಕೋಳಿಯ ಪುಕ್ಕ, ಎಲ್ಲವೂ ಸುತ್ತಿ ಸುತ್ತಿ ಕೀಲಿನ ಸಂದಿಯತ್ತ ಸರಿಯುತ್ತಿದ್ದವು. ಖಾಲಿಯಾದ ಪೈಪು ಗಟಾರವನ್ನು ಒಳಗೆಳೆದುಕೊಳ್ಳುತ್ತಿತ್ತು. ನಾಳೆ ಬೆಳಿಗ್ಗೆ ಅದನ್ನೇ ಅದು ಇಪ್ಪತ್ತಾರು ಮನೆಯ ಕೊಡಗಳಿಗೆ ವಾಪಸ್ಸು ಕೊಡಲಿತ್ತು.

ಆಗ ಹೆಂಡತಿಯ ಮಾತು ನೆನಪಾಯಿತು. ಕಡಿತ ಶುರುವಾದಾಗಿನಿಂದ ದಂಡೆಯ ಹೆಂಗಸರೆಲ್ಲ ಭಕ್ತಿಯಿಂದ ಹೇಳುತ್ತಿದ್ದ ಮಾತು ಅದು. ಭಾಗವ್ವ ಅವನಿಗೂ ಹೇಳಿದ್ದಳು: "ಮಧ್ಯಾಹ್ನ ಆಯ್ತಂದ್ರ ಗಂಗವ್ವ ತಾನೇ ನೀರು ಕುಡೀತಾಳ ನೋಡು. ಗುಂಡಿ ಖಾಲಿ ಆಗ್ತದ." ಅವನು ನಕ್ಕು ಊಟಕ್ಕೆ ಕೂತಿದ್ದ. ಕೇಳುವುದೇ ಹೊಟ್ಟೆಪಾಡಾದವನು ಅದೊಂದನ್ನು ಕೇಳಿಸಿಕೊಂಡಿರಲಿಲ್ಲ.

ಪರಪ್ಪನ ಹಿಡಿಯಷ್ಟಾದ ಮುಖ ನೀರಿನಲ್ಲಿ ಕಂಡಂತಾಗಿ ಸಲಾಕೆ ಬಿಸಾಡಿ ಎದ್ದ. ಮನೆಯತ್ತ ಓಡಿದ. ಗುಡಿಸಲಿನ ಬಾಗಿಲಲ್ಲಿ ಅವನ ಆರು ವರ್ಷದ ಮಗಳು ಸೇವಂತಿ ಗ್ಲಾಸು ಎತ್ತಿ ಕುಡಿಯುತ್ತಿದ್ದಳು. ಅವನು ಗ್ಲಾಸಿಗೆ ಹೊಡೆದ. ಅದು ಗೋಡೆಗೆ ಬಡಿದು ಉರುಳಿತು. ಮಗಳು ಒದ್ದೆ ಗದ್ದದಲ್ಲಿ ಅಪ್ಪನನ್ನೇ ನೋಡುತ್ತ ನಿಂತಳು.

ಭಾಗವ್ವ ಹಾಸಿಗೆಯಿಂದೆದ್ದು ಬಂದು, ಕುಡಿದು ಬಂದಿದ್ದಾನೆಯೇ ಎಂದು ಮೂಸಿ ನೋಡಿದಳು. ಅವನು ಗುಸುಗುಸು ದನಿಯಲ್ಲಿ ಎಲ್ಲವನ್ನೂ ಹೇಳಿದ. ಅವಳು ಹಂಡೆಯ ಮುಚ್ಚಳ ತೆಗೆದು ಬೆಳಿಗ್ಗೆ ತಂದ ನೀರನ್ನು ಬಹಳ ಹೊತ್ತು ನೋಡಿದಳು. ನೀರು ತಿಳಿಯಾಗಿಯೇ ಇತ್ತು. ಕೊನೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ದೇವಕ್ಕಗ ಹೇಳಬ್ಯಾಡ" ಎಂದಳು.

ಅಂದು ಸಂಜೆ ಭಾಗವ್ವ ಮನೆಮನೆಗೆ ಹೋಗಿ, ಊರಲ್ಲಿ ರೋಗ ಬಂದಿದೆಯಂತೆ, ನೀರು ಕುದಿಸಿ ಕುಡಿಯಬೇಕಂತೆ ಎಂದು ಹೇಳಿ ಬಂದಳು. ಸೀಮೆಎಣ್ಣೆಗೇ ತತ್ವಾರವಿದ್ದ ಕಾಲ, ಕೆಲವರು ಕುದಿಸಿದರು, ಕೆಲವರು ನಕ್ಕರು. ಭಾನುವಾರ ಸೇವಂತಿಗೆ ಎರಡು ಸಲ ಹೊಟ್ಟೆ ಕೆಟ್ಟಿತು. ಮೂರನೆಯ ಸಲವೂ ಅವಳು ಹೊಟ್ಟೆ ಹಿಡಿದುಕೊಂಡಳು. ಸಾಯಬಣ್ಣ ಕುದಿಸಿ ಆರಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸುತ್ತ, ಅವಳ ಕಣ್ಣು ಗುಳಿ ಬಿದ್ದಿವೆಯೇ ಎಂದು ಮತ್ತೆ ಮತ್ತೆ ನೋಡುತ್ತ ದಿನ ಕಳೆದ. ದೂರದ ನೌಕರಿಯ ಭಯ, ಹತ್ತಿರದ ಜನರ ಭಯ, ಎಲ್ಲವನ್ನೂ ಈ ಭಯ ನುಂಗಿ ನೀರು ಕುಡಿದಿತ್ತು.

ಸೋಮವಾರ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ದಳವಿ ಸಾಹೇಬರು ಬಂದೊಡನೆ, ಗಟಾರದ ದಂಡೆಯಲ್ಲಿ ದೊಡ್ಡ ಸೋರಿಕೆಯಿದೆ, ಪೈಪು ಹೊಲಸು ಎಳೆಯುತ್ತಿದೆ, ಜನ ಅದನ್ನೇ ಕುಡಿಯುತ್ತಿದ್ದಾರೆ ಎಂದ. ಎಷ್ಟು ದಿನದಿಂದ ಗೊತ್ತು ಎಂದು ಅವರು ಕೇಳಿದರು. ಮೊನ್ನೆಯಿಂದ, ಎಂದು ಸಾಯಬಣ್ಣ ನೆಲ ನೋಡುತ್ತ ಹೇಳಿದ. ಸಾಹೇಬರು ರಜಿಸ್ಟರು ತೆರೆದು ಒಂದೊಂದೇ ಹಾಳೆ ಮಗುಚಿದರು. ಹಾಳೆಹಾಳೆಗೂ ಅದೇ ಹೆಬ್ಬೆಟ್ಟು. ಅವರು ಅವನ ಮುಖವನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿ, ರಜಿಸ್ಟರು ಮುಚ್ಚಿ ಟೋಪಿ ಎತ್ತಿಕೊಂಡರು.

ಬಾಯಿ ಬಿಟ್ಟು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಕೆಲಸಕ್ಕೆ ಹತ್ತಿದರು. ಹತ್ತು ಗಂಟೆಗೆ ಗ್ಯಾಂಗು ಬಂತು, ಹನ್ನೊಂದಕ್ಕೆ ಟ್ಯಾಂಕರು ಬಂತು. ದವಾಖಾನೆಯವರು ಬಂದು ಬ್ಲೀಚಿಂಗ್ ಪುಡಿ ಹಾಕಿ, ಮಕ್ಕಳಿಗೆಲ್ಲ ಸೂಜಿ ಚುಚ್ಚಿದರು, ಸೇವಂತಿಯ ಹೊಟ್ಟೆ ಒತ್ತಿ ನೋಡಿ ಗಾಬರಿಯಿಲ್ಲವೆಂದರು. ಗುಂಡಿ ಮುಚ್ಚುವಾಗ ಹೆಂಗಸರು ಗ್ಯಾಂಗಿನವರಿಗೆ ಹಿಡಿಶಾಪ ಹಾಕಿದರು. ಭಾಗವ್ವ ಮಾತ್ರ ಐದು ಕಲ್ಲುಗಳನ್ನು ಉಡಿಯಲ್ಲಿ ಹಾಕಿಕೊಂಡು ಒಳಗೆ ಹೋದಳು. ದಳವಿ ಸಾಹೇಬರು ಆ ಒಂದು ಕೀಲಿನಿಂದ ದಿನಕ್ಕೆ ಎಷ್ಟು ನೀರು ಮಣ್ಣುಪಾಲಾಗುತ್ತಿತ್ತೆಂದು ಬರೆದು, ಉಳಿದ ನೀರಿನಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೂ ದಂಡೆಯವರಿಗೆ ಸಾಕೆಂದು ವಾದ ಹೂಡಿ, ಸಾರ್ವಜನಿಕ ನಲ್ಲಿಗೆ ಅರ್ಜಿ ಹಾಕಿದರು. ಮೇಲಿನ ಆಫೀಸಿಗೆ ನಾಲ್ಕು ಸಲ ಎಡತಾಕಿ ಮಂಜೂರು ಮಾಡಿಸಿಕೊಂಡೂ ಬಂದರು.

ಮೂರನೆಯ ವಾರಕ್ಕೆ ಸಿಮೆಂಟಿನ ಕಟ್ಟೆಯ ಮೇಲೆ ನಲ್ಲಿ ನಿಂತಿತು. ಬೀಗ ಹಾಕುವ ನಲ್ಲಿ. ಚಾವಿ ಯಾರ ಕೈಯಲ್ಲಿರಬೇಕೆಂದು ಸಾಹೇಬರು ಕೇಳಿದಾಗ ದಂಡೆಯವರೆಲ್ಲ ಒಂದೇ ಬಾಯಿಂದ ದೇವಕ್ಕನ ಹೆಸರು ಹೇಳಿದರು. ಅವಳು ಒಂದು ಹನಿ ನೀರನ್ನೂ ಪೋಲು ಮಾಡುವವಳಲ್ಲ. ಸಾಯಬಣ್ಣನನ್ನೂ ಎಲ್ಲರೂ ಕೊಂಡಾಡಿದರು. ಅವನ ಕಿವಿಯಿಂದಲೇ ನಲ್ಲಿ ಬಂತು, ಮಕ್ಕಳು ಉಳಿದವು ಎಂದರು. ಅವನು ಹೊಗಳಿಕೆ ಕೇಳಿದಾಗಲೆಲ್ಲ ಗುಂಪಿನಲ್ಲಿ ದೇವಕ್ಕ ಎಲ್ಲಿದ್ದಾಳೆಂದು ಹುಡುಕಿ, ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಕೆಲಸಕ್ಕೂ ನಲ್ಲಿಯ ಹಾದಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಭಾಗವ್ವನಿಗೆ ಜ್ವರ, ಕೊಡ ಹಿಡಿದು ಅವನೇ ಹೋಗಬೇಕಾಯಿತು. ಎಲ್ಲರೂ ತುಂಬಿಕೊಂಡು ಹೋದ ಮೇಲೆ ಹೋದ. ದೇವಕ್ಕ ಒಬ್ಬಳೇ ಇದ್ದಳು. ತನ್ನ ಕೊಡವನ್ನು ಕೊನೆಗೆ ಹಚ್ಚಿ ಕೂತಿದ್ದಳು. ನೀರು ಬೀಳುವುದನ್ನು ನೋಡುತ್ತಲೇ ಅವಳು ಮಾತು ತೆಗೆದಳು.

"ಅಣ್ಣಾ, ಒಂದು ಮಾತು ಕೇಳ್ತೀನಿ. ಸಲಾಕಿ ಹಿಡಕೊಂಡು ದಿನಾ ಆ ಗುಂಡಿ ದಾಟಿ ಹೋಗ್ತಿದ್ದಿ. ಊರ ಮಂದೀದು ಸೋರೋದು ಎಲ್ಲಾ ನಿನಗ ಕೇಳಸ್ತದ. ಇದು ಮೊದಲ ಯಾಕ ಕೇಳಸಲಿಲ್ಲ?"

ದಳವಿ ಸಾಹೇಬರಿಗೆ ಕೊಟ್ಟ ಉತ್ತರ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ಈಗ ತಲೆಯೆತ್ತಿ ಅವನ ಮುಖ ನೋಡುತ್ತಿದ್ದಳು.

"ಕೇಳಿಸಿತ್ತವ್ವಾ" ಎಂದ. "ಮೂರು ವರ್ಷ."

ದೇವಕ್ಕನ ಕೊಡ ತುಂಬಿತು. ಅವಳು ನಲ್ಲಿಯನ್ನು ಬಿಗಿಯಾಗಿ ನಿಲ್ಲಿಸಿ, ಬೀಗ ಹಾಕಿ, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ತುಂಬಿದ ಕೊಡವನ್ನು ಒಬ್ಬರೇ ತಲೆಗೇರಿಸಲು ಆಗದು, ಇನ್ನೊಬ್ಬರು ಹೊರಿಸಬೇಕು. ಅವನು ರೂಢಿಯಂತೆ ಬಾಗಿ ಕೊಡದ ಅಂಚಿಗೆ ಕೈ ಹಚ್ಚಿದ.

"ಕೈ ತಗಿ" ಎಂದಳು.

ಅವನು ತೆಗೆದ. ಅವಳು ಒಬ್ಬಳೇ ಕೊಡವನ್ನು ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಏರಿಸಿಕೊಂಡು, ಹೆಜ್ಜೆಹೆಜ್ಜೆಗೂ ನೀರು ಚೆಲ್ಲುತ್ತ ಹೋದಳು. ಗುಡಿಸಲು ಮುಟ್ಟುವ ಹೊತ್ತಿಗೆ ಕೊಡದಲ್ಲಿ ಅರ್ಧವೂ ಉಳಿದಿರಲಿಲ್ಲ. ಸಾಯಬಣ್ಣ ತನ್ನ ಖಾಲಿ ಕೊಡ ಹಿಡಿದು ಬೀಗ ಹಾಕಿದ ನಲ್ಲಿಯ ಮುಂದೆ ನಿಂತೇ ಇದ್ದ.